ಹೃದಯಕ್ಕೆ ಹಾಕಿದ ಲಗಾಮು: ಒಂದು ಶೋಧನೆಯ ಚರಿತ್ರೆ

ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ಬಹಳ ಮಂದಿಯಲ್ಲಿ ಅದು 70ರ ಆಸುಪಾಸಿನಲ್ಲಿರುತ್ತದೆ. ಅದೇ ಹೃದಯಕ್ಕೆ ನರಗಳ ಮೂಲಕ ಬರುವ ಪ್ರಭಾವವನ್ನೆಲ್ಲ ಔಷಧಿ ಕೊಟ್ಟು ತಡೆದರೆ ಬಡಿತ ಇಳಿಯುವುದಿಲ್ಲ, ಏರುತ್ತದೆ. ಆಗ ಅದು 20 ವರ್ಷದವರಲ್ಲಿ ಸುಮಾರು 107ಕ್ಕೆ, 60 ವರ್ಷದವರಲ್ಲಿ ಸುಮಾರು 84ಕ್ಕೆ ಬಂದು ನಿಲ್ಲುತ್ತದೆಂದು ಜೋಸ್ ಮತ್ತು ಕಾಲಿಸನ್ 1970ರಲ್ಲಿ ಪ್ರಕಟಿಸಿದ ಅಳತೆಗಳು ತೋರಿಸಿದವು. ಅಂದರೆ ಕುಳಿತಿರುವಾಗಲೂ ಮಲಗಿರುವಾಗಲೂ ಹೃದಯ ತನ್ನ ಪಾಡಿನ ವೇಗಕ್ಕಿಂತ ನಿಧಾನವಾಗಿ, ನರಗಳ ಹಿಡಿತದಲ್ಲಿ ಬಡಿಯುತ್ತಿರುತ್ತದೆ. ಈ ಹಿಡಿತ ಯಾವುದರದು, ಅದನ್ನು ಬಿಗಿಮಾಡುವ ಮತ್ತು ಸಡಿಲಿಸುವ ಸುದ್ದಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ಯುರೋಪಿನ ಪ್ರಯೋಗಶಾಲೆಗಳಿಗೆ ಸುಮಾರು ನೂರು ವರ್ಷ ಹಿಡಿಯಿತು.

ಹೃದಯಕ್ಕೆ ಬರುವ ನರಗಳು ಎರಡು ಬಗೆ. ಮಿದುಳಿನ ಬುಡದಲ್ಲಿರುವ ಮೆಡುಲ್ಲಾದಿಂದ ಹೊರಟು ಕುತ್ತಿಗೆಯ ಎರಡೂ ಪಕ್ಕದಲ್ಲಿ ಇಳಿಯುವ ವೇಗಸ್ ನರ ಬಡಿತವನ್ನು ತಗ್ಗಿಸುತ್ತದೆ. ಬೆನ್ನುಹುರಿಯ ಎದೆಯ ಭಾಗದಿಂದ ಹೊರಟು, ಬೆನ್ನೆಲುಬಿನ ಪಕ್ಕದ ನರಗಂಟುಗಳನ್ನು ಹಾದು ಬರುವ ಸಿಂಪಥೆಟಿಕ್ ನರಗಳು ಬಡಿತವನ್ನು ಏರಿಸುತ್ತವೆ. ಇವೆರಡೂ ಆಜ್ಞೆ ಒಯ್ಯುವ ದಾರಿಗಳು. ಇನ್ನು ಸುದ್ದಿ ತರುವ ನರಗಳು ಬೇರೆ. ರಕ್ತನಾಳದ ಗೋಡೆ, ಶ್ವಾಸಕೋಶ, ಸ್ನಾಯು, ಮುಖದ ಚರ್ಮ, ಕಣ್ಣು ಹೀಗೆ ಹತ್ತು ಕಡೆಗಳಿಂದ ಅವು ಮೆಡುಲ್ಲಾಕ್ಕೆ ಬಂದು ಸೇರುತ್ತವೆ. ಸುದ್ದಿ ಒಳಕ್ಕೆ, ಆಜ್ಞೆ ಹೊರಕ್ಕೆ. ಅರಿವಿಗೆ ಬಾರದೆ ನಡೆಯುವ ಈ ಸುತ್ತಿಗೆ ಪರಾವರ್ತಿತ ಕ್ರಿಯೆ ಎಂದು ಹೆಸರು. ಇದರ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವುದು ಒಂದೇ ಪ್ರಶ್ನೆ: ಬಡಿತದಲ್ಲಿ ಕಂಡ ಬದಲಾವಣೆ ಹೃದಯದ ಮೇಲೆ ನೇರವಾಗಿ ಆದದ್ದೋ, ಮಿದುಳನ್ನು ಸುತ್ತಿ ಬಂದದ್ದೋ? ಬಹಳ ನುರಿತ ಪ್ರಯೋಗಕಾರರೂ ಇಲ್ಲಿ ಎಡವಿದ್ದಾರೆ.

ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್‌ಗೆ ಒಂದು ಸಂಗತಿ ಆಗಲೇ ಗೊತ್ತಿತ್ತು. ಎದೆಯಿಂದ ಹೊರತೆಗೆದ ಹೃದಯ ಸ್ವಲ್ಪ ಹೊತ್ತು ಬಡಿಯುತ್ತಲೇ ಇರುತ್ತದೆ. ಆದ್ದರಿಂದ ಬಡಿಯುವ ಶಕ್ತಿ ಅದರೊಳಗೇ ಇದೆ ಎಂದು ಅವರು ವಾದಿಸಿದರು. ಆದರೆ ನಾಡಿಯ ವೇಗವನ್ನು ಎಣಿಸುವ ರೂಢಿ ಆಗಿನ್ನೂ ಬಲವಾಗಿರಲಿಲ್ಲ. ಗ್ರೀಸ್, ಚೀನಾ, ಭಾರತ ಎಲ್ಲೆಡೆ ವೈದ್ಯರು ಬೆರಳಿನಿಂದ ಗಮನಿಸುತ್ತಿದ್ದದ್ದು ಮುಖ್ಯವಾಗಿ ನಾಡಿಯ ಗತಿ, ಬಲ, ಹದ. ಇಂಗ್ಲೆಂಡಿನ ಜಾನ್ ಫ್ಲಾಯರ್ 1707ರಲ್ಲಿ ಒಂದು ನಿಮಿಷ ಮಾತ್ರ ಓಡುವ ಗಡಿಯಾರ ಮಾಡಿಸಿ ನಾಡಿ ಎಣಿಸುವ ಕ್ರಮದ ಬಗ್ಗೆ ಪುಸ್ತಕವನ್ನೇ ಬರೆದರು. ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯೊಂದರ ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ಸಿಕ್ಕಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿ ರಕ್ತದೊತ್ತಡವನ್ನು ಅಳೆದರು. ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿತೆಂದು 1733ರ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. ಹೀಗೆ ಬಡಿತಕ್ಕೆ ಒಂದು ಸಂಖ್ಯೆ ಸಿಕ್ಕಿತು, ಒತ್ತಡಕ್ಕೆ ಒಂದು ಸಂಖ್ಯೆ ಸಿಕ್ಕಿತು. ಎರಡಕ್ಕೂ ನಂಟಿದೆಯೇ ಎಂದು ಕೇಳುವುದು ಅದಾದ ಮೇಲಷ್ಟೇ ಸಾಧ್ಯವಾಯಿತು.

ನರಗಳ ವಿಷಯ ಇನ್ನೂ ಗೊಂದಲದಲ್ಲಿತ್ತು. 17ನೇ ಶತಮಾನದಲ್ಲಿ ಥಾಮಸ್ ವಿಲ್ಲಿಸ್ ವೇಗಸ್ ನರದ ಕವಲುಗಳನ್ನು ವಿವರವಾಗಿ ಗುರುತಿಸಿದರು. ಅವರ ಜೊತೆಗಾರ ರಿಚರ್ಡ್ ಲೋವರ್ ನಾಯಿಯ ಎರಡೂ ವೇಗಸ್ ನರಗಳಿಗೆ ದಾರ ಬಿಗಿದು ಹೃದಯ ತತ್ತರಿಸುವುದನ್ನು ಕಂಡರು. ನರ ಎಂದರೆ ಸ್ನಾಯುವಿಗೆ ಚಾಲನೆ ಕೊಡುವುದು, ಅದನ್ನು ಕಟ್ಟಿದರೆ ಸ್ನಾಯು ಸೊರಗಬೇಕು ಎಂಬುದು ಆ ಕಾಲದ ಎಲ್ಲರ ನಂಬಿಕೆ. ಗಾಟಿಂಗೆನ್‌ನ ಆಲ್ಬ್ರೆಕ್ಟ್ ಫಾನ್ ಹಾಲರ್ 1750ರ ದಶಕದಲ್ಲಿ, ಹೃದಯದ ಸ್ನಾಯು ನರದ ಹಂಗಿಲ್ಲದೆ ತಾನೇ ಕುಗ್ಗುತ್ತದೆಂದು ತೋರಿಸಿ ಗ್ಯಾಲೆನ್ನರ ಮಾತಿಗೆ ಹೊಸ ಬಲ ತಂದರು. ಆದರೆ ಆ ಮಾತಿನಿಂದಲೇ ಇನ್ನೊಂದು ತೊಡಕು ಹುಟ್ಟಿತು. ನರವಿಲ್ಲದೆಯೂ ಹೃದಯ ಬಡಿಯುವುದಾದರೆ ಅದಕ್ಕೆ ನರಗಳಾದರೂ ಯಾಕಿವೆ?

ಉತ್ತರ 1845ರಲ್ಲಿ ಬಂತು, ಯಾರೂ ಎಣಿಸಿರದ ರೀತಿಯಲ್ಲಿ. ಲೈಪ್‌ಜಿಗ್‌ನ ಎರ್ನ್‌ಸ್ಟ್ ಹೈನ್‌ರಿಕ್ ವೆಬರ್ ಮತ್ತು ಎಡ್ವರ್ಡ್ ವೆಬರ್ ಸಹೋದರರು ಕೈಯಿಂದ ತಿರುಗಿಸುವ ವಿದ್ಯುತ್ಕಾಂತ ಯಂತ್ರವೊಂದನ್ನು ಬಳಸಿ ಕಪ್ಪೆಯ ಮೇಲೆ ಪ್ರಯೋಗ ಮಾಡುತ್ತಿದ್ದರು. ಚುರುಕಾಗಿ ಒಂದರ ಹಿಂದೊಂದು ಬರುವ ವಿದ್ಯುತ್ ತುಡಿತಗಳು ಮಿದುಳಿನ ಬುಡದ ಮೂಲಕ ಹರಿದಾಗ ಕಪ್ಪೆಯ ಹೃದಯ ನಿಂತೇ ಹೋಯಿತು. ವಿದ್ಯುತ್ ಹರಿಯುವ ಜಾಗವನ್ನು ಕಿರಿದುಮಾಡುತ್ತ ಹೋದಾಗ ಅದು ಮೆಡುಲ್ಲಾ ಮತ್ತು ವೇಗಸ್ ನರಗಳ ಕೆಲಸವೆಂದು ಖಚಿತವಾಯಿತು. ನಿಂತ ಹೃದಯ ಬಿಗಿದುಕೊಂಡಿರಲಿಲ್ಲ. ಸಡಿಲವಾಗಿ, ರಕ್ತ ತುಂಬಿಕೊಂಡು, ಚಪ್ಪಟೆಯಾಗಿತ್ತು. ಯಂತ್ರ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ಬಡಿಯತೊಡಗಿತು. ಅದೇ ವರ್ಷ ನೇಪಲ್ಸ್‌ನಲ್ಲಿ ನಡೆದ ಇಟಲಿಯ ವಿಜ್ಞಾನಿಗಳ ಸಮ್ಮೇಳನದಲ್ಲಿ ಇದನ್ನು ಪ್ರಕಟಿಸಲಾಯಿತು.

ನರವೊಂದು ಕೆಲಸ ಮಾಡಿಸುವುದರ ಬದಲು ಕೆಲಸ ನಿಲ್ಲಿಸಬಲ್ಲದು ಎಂಬ ಅರಿವು ಶರೀರಶಾಸ್ತ್ರದಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಮೂಡಿದ್ದು ಇಲ್ಲಿ. ಇಡೀ ಚರಿತ್ರೆಯ ತಿರುವು ಇದೇ. ಆಲ್ಫ್ರೆಡ್ ಫೋಲ್ಕ್‌ಮನ್ 1838ರಲ್ಲೇ ಇಂಥದ್ದನ್ನು ಕಂಡಿದ್ದರೂ ತಮ್ಮ ಕಣ್ಣನ್ನು ತಾವೇ ನಂಬದೆ ಬಿಟ್ಟುಬಿಟ್ಟಿದ್ದರು. ವೆಬರ್ ಸಹೋದರರ ಮಾತನ್ನು ಒಪ್ಪದವರಿಗೂ ಕೊರತೆಯಿರಲಿಲ್ಲ. ವೇಗಸ್ ಹೃದಯವನ್ನು ಓಡಿಸುವ ನರವೇ, ಅತಿಯಾದ ವಿದ್ಯುತ್ತಿನಿಂದ ಅದು ದಣಿದುಹೋಗುತ್ತದೆ, ಹೃದಯ ನಿಲ್ಲುವುದು ಅದಕ್ಕೇ ಎಂದು ಮೊರಿಟ್ಸ್ ಶಿಫ್ ಹಟ ಹಿಡಿದು ವಾದಿಸಿದರು. ವೇಗಸ್ ನರಗಳನ್ನು ಕತ್ತರಿಸಿದಾಗ ನಾಯಿಯ ಬಡಿತ ಏರುತ್ತಿತ್ತು. ಚಾಲನೆ ಕೊಡುವ ನರವನ್ನು ಕತ್ತರಿಸಿದರೆ ಹಾಗಾಗಲು ಸಾಧ್ಯವಿರಲಿಲ್ಲ. ಕೊನೆಗೆ ಗೆದ್ದದ್ದು ಈ ಸರಳವಾದ ಸಾಕ್ಷಿ.

ವೇಗಸ್ ಆಜ್ಞೆ ಒಯ್ಯುತ್ತದೆ ಎಂಬುದಾಯಿತು. ಆಜ್ಞೆ ಹೊರಡಲು ಏನು ಕಾರಣ? ಕೋನಿಗ್ಸ್‌ಬರ್ಗ್‌ನ ಫ್ರೀಡ್ರಿಕ್ ಗೋಲ್ಟ್ಸ್ 1860ರ ದಶಕದ ಆರಂಭದಲ್ಲಿ ಬಹಳ ಸಾದಾ ಪ್ರಯೋಗವೊಂದನ್ನು ಮಾಡಿದರು. ಕಪ್ಪೆಯ ಹೊಟ್ಟೆಯ ಮೇಲೆ ಹಿಡಿಕೆಯೊಂದರಿಂದ ಚುರುಕಾಗಿ ತಟ್ಟುತ್ತ ಹೋದರೆ ಹೃದಯ ನಿಲ್ಲುತ್ತಿತ್ತು. ವೇಗಸ್ ನರಗಳನ್ನು ಕತ್ತರಿಸಿದ ಕಪ್ಪೆಯಲ್ಲಿ ಎಷ್ಟು ತಟ್ಟಿದರೂ ನಿಲ್ಲುತ್ತಿರಲಿಲ್ಲ. ಹೊಟ್ಟೆಯಿಂದ ಸುದ್ದಿ ಮೇಲಕ್ಕೆ ಹೋಗಿ, ಮೆಡುಲ್ಲಾದಲ್ಲಿ ತಿರುಗಿ, ವೇಗಸ್ ಮೂಲಕ ಕೆಳಗಿಳಿಯಿತು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿರಲಿಲ್ಲ. ಮಾರ್ಷಲ್ ಹಾಲ್ 1833ರಲ್ಲಿ ಕೈಕಾಲುಗಳ ಬಗ್ಗೆ ಹೇಳಿದ್ದ ಪರಾವರ್ತಿತ ಕ್ರಿಯೆಯ ತತ್ವ ಹೃದಯಕ್ಕೂ ಅನ್ವಯಿಸಿತು.

ಈ ಕೆಲಸಕ್ಕೆ ಹದವಾದ ಉಪಕರಣವನ್ನು ಕೊಟ್ಟವರು ಕಾರ್ಲ್ ಲುಡ್ವಿಗ್. ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆ ಒಂದೇ ಸಮನೆ ತಿರುಗುತ್ತದೆ. ಪಾದರಸದ ಮೇಲೆ ತೇಲುವ ಕಡ್ಡಿಯ ತುದಿ ಅದರ ಮೇಲೆ ಗೀರು ಎಳೆಯುತ್ತದೆ. ರಕ್ತದೊತ್ತಡದ ಪ್ರತಿ ಏರಿಳಿತವೂ ಬಿಳಿಗೆರೆಯಾಗಿ ಉಳಿಯುತ್ತದೆ. ಕೈಮೋಗ್ರಾಫ್ ಎಂಬ ಈ ಸಾಧನವನ್ನು ಲುಡ್ವಿಗ್ 1846ರ ಕೊನೆಯಲ್ಲಿ ರೂಪಿಸಿ ಮರುವರ್ಷ ಪ್ರಕಟಿಸಿದರು. ಉಸಿರು ಒಳಗೆಳೆದುಕೊಂಡಾಗ ಬಡಿತ ಚುರುಕಾಗುವುದು, ಬಿಟ್ಟಾಗ ನಿಧಾನವಾಗುವುದು ಆಗಲೇ ಆ ಗೆರೆಗಳಲ್ಲಿ ಕಂಡಿತ್ತು. ನೋಡುವವರ ಕಣ್ಣು, ಎಣಿಸುವವರ ಬೆರಳು ತಪ್ಪಬಹುದು. ಮಸಿಯ ಮೇಲಿನ ಗೆರೆಯನ್ನು ಹತ್ತು ಜನ ಹತ್ತು ಸಲ ನೋಡಿ ಚರ್ಚಿಸಬಹುದಿತ್ತು. ಮುಂದೆ ಲುಡ್ವಿಗ್ ಲೈಪ್‌ಜಿಗ್‌ನಲ್ಲಿ ನೆಲೆಸಿದ ಮೇಲೆ ಜಗತ್ತಿನ ಶರೀರಶಾಸ್ತ್ರಜ್ಞರು ಅಲ್ಲಿಗೆ ಕಲಿಯಲು ಬಂದದ್ದಕ್ಕೆ ಈ ಉಪಕರಣವೂ ಅದರ ಒಡೆಯನ ಶಿಸ್ತೂ ಕಾರಣ. ಇವಾನ್ ಪಾವ್ಲೊವ್ ಕೂಡ ನಾಯಿಗಳ ಜೊಲ್ಲಿನ ಪ್ರಯೋಗಗಳಿಗೆ ಬಹಳ ಮೊದಲು ಹೃದಯದ ನರಗಳ ಬಗ್ಗೆ ಪ್ರಬಂಧ ಬರೆದು, ಆಮೇಲೆ ಲುಡ್ವಿಗ್ ಬಳಿ ಕೆಲಸ ಮಾಡಿದವರೇ.

ಹಾಗೆ ಬಂದವರಲ್ಲಿ ರಷ್ಯನ್ ಸಾಮ್ರಾಜ್ಯದ ಎಲಿಯಾಸ್ ಸಿಯೋನ್ ಒಬ್ಬರು. 1866ರಲ್ಲಿ ಇಪ್ಪತ್ತಮೂರು ವರ್ಷದ ಸಿಯೋನ್ ಮತ್ತು ಲುಡ್ವಿಗ್ ಮೊಲದ ಕುತ್ತಿಗೆಯಲ್ಲಿ ಒಂದು ಸಣ್ಣ ನರವನ್ನು ಬಿಡಿಸಿದರು. ಬೇರೆ ಪ್ರಾಣಿಗಳಲ್ಲಿ ಈ ನರ ಸಾಮಾನ್ಯವಾಗಿ ವೇಗಸ್ ಜೊತೆ ಒಂದೇ ಹೊದಿಕೆಯೊಳಗೆ ಸೇರಿಕೊಂಡಿರುತ್ತದೆ. ಮೊಲದಲ್ಲಿ ಬೇರೆಯಾಗಿ ಇಳಿಯುತ್ತದೆ. ಅವರ ಅದೃಷ್ಟ ಇದ್ದದ್ದು ಇಲ್ಲೇ. ನರವನ್ನು ಕತ್ತರಿಸಿ ಹೃದಯದ ಕಡೆಯ ತುದಿಗೆ ವಿದ್ಯುತ್ ಕೊಟ್ಟರೆ ಏನೂ ಆಗಲಿಲ್ಲ. ಮಿದುಳಿನ ಕಡೆಯ ತುದಿಗೆ ಕೊಟ್ಟಾಗ ಕೈಮೋಗ್ರಾಫಿನ ಗೆರೆ ಕೆಳಗೆ ಜಾರಿತು, ಬಡಿತ ನಿಧಾನವಾಯಿತು. ವೇಗಸ್ ನರಗಳನ್ನು ಮೊದಲೇ ಕತ್ತರಿಸಿದ್ದರೆ ಒತ್ತಡವೇನೋ ಇಳಿಯುತ್ತಿತ್ತು, ಬಡಿತ ಮಾತ್ರ ಹಾಗೇ ಉಳಿಯುತ್ತಿತ್ತು. ಅಂದರೆ ಈ ನರ ಆಜ್ಞೆ ಒಯ್ಯುವುದಲ್ಲ, ಸುದ್ದಿ ತರುವುದು. ಅದರ ಸುದ್ದಿಗೆ ಉತ್ತರ ಎರಡು ದಾರಿಯಲ್ಲಿ ಹೊರಡುತ್ತದೆ: ರಕ್ತನಾಳಗಳನ್ನು ಸಡಿಲಿಸುವುದೊಂದು, ಹೃದಯವನ್ನು ತಡೆಯುವುದು ಇನ್ನೊಂದು.

ರಕ್ತಪರಿಚಲನೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದಕ್ಕೆ ಸಿಕ್ಕಿದ ಮೊದಲ ನರದಾರಿ ಇದು. 1867ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಸಿಯೋನ್‌ಗೆ ಮೊಂತಿಯೋಂ ಬಹುಮಾನ ಕೊಟ್ಟಿತು. ನರದ ಮೂಲ ಹೃದಯದಲ್ಲೇ ಇದೆಯೆಂದು ಸಿಯೋನ್ ಮತ್ತು ಲುಡ್ವಿಗ್ ಭಾವಿಸಿದ್ದರು. ಅದು ಹೊರಡುವುದು ಹೃದಯದಿಂದಲ್ಲ, ಮಹಾಪಧಮನಿಯ ಕಮಾನಿನ ಗೋಡೆಯಿಂದ ಎಂಬುದು 20ನೇ ಶತಮಾನದ ಆರಂಭದಲ್ಲಿ ತಿಳಿಯಿತು. ಹೃದಯದಿಂದ ಹೊರಬಿದ್ದ ರಕ್ತ ಮೊದಲು ತಾಗುವ ಗೋಡೆಯೇ ಅದು. ಒತ್ತಡವನ್ನು ಅರಿಯಲು ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.

ಬಡಿತ ಏರಿಸುವ ನರಗಳ ಶೋಧವೂ ಅದೇ ವರ್ಷಗಳದು. ಆಲ್ಬರ್ಟ್ ಫಾನ್ ಬೆಜೋಲ್ಡ್ 1863ರ ಸುಮಾರಿಗೆ ಬೆನ್ನುಹುರಿಯನ್ನು ಕೆರಳಿಸಿದಾಗ ಹೃದಯ ಚುರುಕಾಗುವುದನ್ನು ಕಂಡರು. ರಕ್ತನಾಳಗಳು ಬಿಗಿದು ಒತ್ತಡ ಏರಿದ್ದರಿಂದ ಹಾಗಾಗಿರಬೇಕು, ಅದಕ್ಕೆ ಬೇರೆ ನರ ಬೇಕಿಲ್ಲ ಎಂದು ಲುಡ್ವಿಗ್ ಪಾಳೆಯ ಆಕ್ಷೇಪಿಸಿತು. ಸಿಯೋನ್ ಮತ್ತು ಅವರ ಸಹೋದರ 1866–67ರಲ್ಲಿ ಆ ನರಗಳನ್ನೇ ಬಿಡಿಸಿ ತೋರಿಸಿದ ಮೇಲೆ ವಾದ ಮುಗಿಯಿತು. ಬೆಜೋಲ್ಡ್ ಮರುವರ್ಷ, ಮೂವತ್ತೆರಡನೇ ವಯಸ್ಸಿನಲ್ಲಿ ತೀರಿಕೊಂಡರು. ಫ್ರಾನ್ಸಿನ ಎತಿಯೆನ್-ಜೂಲ್ ಮಾರೆ ಇದಕ್ಕೆ ಸ್ವಲ್ಪ ಮೊದಲು ಒಂದು ನಿಯಮ ಹೇಳಿದ್ದರು: ಒತ್ತಡ ಏರಿದರೆ ನಾಡಿ ಇಳಿಯುತ್ತದೆ, ಒತ್ತಡ ಇಳಿದರೆ ನಾಡಿ ಏರುತ್ತದೆ. ನಿಯಮ ಇಂದಿಗೂ ಸರಿ, ಅವರು ಕೊಟ್ಟ ಕಾರಣ ಸರಿಯಲ್ಲ. ಹೆಚ್ಚು ಭಾರಕ್ಕೆ ಎದುರಾದ ಹೃದಯ ತಾನಾಗಿ ನಿಧಾನಿಸುತ್ತದೆಂದು ಅವರು ತಿಳಿದಿದ್ದರು. ನರಗಳ ಸುತ್ತು ಅವರ ಲೆಕ್ಕದಲ್ಲಿ ಇರಲಿಲ್ಲ.

ಈ ಇಡೀ ಜ್ಞಾನದ ಬೆಲೆಯನ್ನು ತೆತ್ತವು ಕಪ್ಪೆ, ಮೊಲ, ನಾಯಿಗಳು. ಈಥರ್ ಅರಿವಳಿಕೆ ಬಳಕೆಗೆ ಬಂದದ್ದೇ 1846ರಲ್ಲಿ. ಅದಕ್ಕೆ ಹಿಂದಿನ ಪ್ರಯೋಗಗಳು ಎಚ್ಚರವಿದ್ದ ಪ್ರಾಣಿಗಳ ಮೇಲೆ ನಡೆದವು. ಇಂದಿನ ಯಾವ ನೀತಿ ಸಮಿತಿಯೂ ಅವನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು.

ಲಗಾಮು ಎಲ್ಲಿ ಬಿಗಿಯುತ್ತದೆ ಎಂಬುದು ಗೊತ್ತಾದದ್ದು 1906ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ಕೆಂಟ್ ಸೀಮೆಯ ಬ್ರೆಡ್ಗರ್ ಎಂಬ ಹಳ್ಳಿಯ ಮನೆಯೊಂದರಲ್ಲಿ. ಅಂಗರಚನಾಶಾಸ್ತ್ರಜ್ಞ ಆರ್ಥರ್ ಕೀತ್ ಸೈಕಲ್ ಸವಾರಿಗೆ ಹೋಗಿದ್ದಾಗ ವೈದ್ಯಕೀಯ ವಿದ್ಯಾರ್ಥಿ ಮಾರ್ಟಿನ್ ಫ್ಲಾಕ್ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದರು. ಎದುರಿಗಿದ್ದದ್ದು ಮೋಲ್ ಎಂಬ ನೆಲ ತೋಡುವ ಪುಟ್ಟ ಪ್ರಾಣಿಯ ಹೃದಯದ ತೆಳು ಬಿಲ್ಲೆಗಳು. ಬಲ ಹೃತ್ಕರ್ಣಕ್ಕೆ ಮೇಲಿನ ಮಹಾಸಿರೆ ಸೇರುವಲ್ಲಿ ಉಳಿದ ಸ್ನಾಯುವಿಗಿಂತ ಬೇರೆಯಾಗಿ ಹೆಣೆದುಕೊಂಡ, ನರದ ಎಳೆಗಳೊಂದಿಗೆ ಬೆರೆತ ಒಂದು ಗಂಟು ಕಂಡಿತು. ಮರುವರ್ಷ ಇಬ್ಬರೂ ಅದನ್ನು ಪ್ರಕಟಿಸಿದರು. ಹೃದಯಕ್ಕೆ ತಾಳ ಹಾಕುವ ಸೈನಸ್ ಗಂಟು ಅದೇ ಎಂಬುದನ್ನು ಥಾಮಸ್ ಲೂಯಿಸ್ 1910ರ ಸುಮಾರಿಗೆ ವಿದ್ಯುತ್ ದಾಖಲೆಗಳಿಂದ ಖಚಿತಪಡಿಸಿದರು. ವೇಗಸ್ ಮತ್ತು ಸಿಂಪಥೆಟಿಕ್ ಎರಡೂ ನರಗಳ ಎಳೆಗಳು ಅಲ್ಲಿಗೆ ದಟ್ಟವಾಗಿ ಬಂದು ಸೇರುತ್ತವೆ.

ನರದ ತುದಿಯಿಂದ ಹೃದಯಕ್ಕೆ ದಾಟುವುದು ಏನು? ಆಸ್ಟ್ರಿಯಾದ ಗ್ರಾಟ್ಸ್‌ನ ಓಟೋ ಲೋವಿ ಈ ಪ್ರಶ್ನೆಗೆ ಉತ್ತರ ಹುಡುಕುವ ಬಗೆಯನ್ನು ಕನಸಿನಲ್ಲಿ ಕಂಡರೆಂದು ಅವರೇ ಬರೆದಿದ್ದಾರೆ. ಮೊದಲ ರಾತ್ರಿ ಎದ್ದು ಗೀಚಿಟ್ಟದ್ದು ಬೆಳಿಗ್ಗೆ ಓದಲಾಗಲಿಲ್ಲ. ಮರುರಾತ್ರಿ ಕನಸು ಮರುಕಳಿಸಿದಾಗ ಎದ್ದವರೇ ನೇರ ಪ್ರಯೋಗಶಾಲೆಗೆ ಹೋದರು. ಎರಡು ಕಪ್ಪೆ ಹೃದಯಗಳು, ಎರಡರಲ್ಲೂ ಉಪ್ಪುನೀರು. ಒಂದರ ವೇಗಸ್ ನರವನ್ನು ಕೆರಳಿಸಿ, ನಿಧಾನಗೊಂಡ ಆ ಹೃದಯದೊಳಗಿನ ದ್ರವವನ್ನು ಎರಡನೆಯದಕ್ಕೆ ಹಾಕಿದಾಗ, ಯಾವ ನರವೂ ಮುಟ್ಟದ ಆ ಹೃದಯವೂ ನಿಧಾನವಾಯಿತು. ಏರಿಸುವ ನರದ ದ್ರವ ಹಾಕಿದಾಗ ಚುರುಕಾಯಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗ ನರಗಳು ರಾಸಾಯನಿಕಗಳ ಮೂಲಕ ಕೆಲಸ ಮಾಡುತ್ತವೆಂದು ತೋರಿಸಿತು. ವೇಗಸ್ ಬಿಡುಗಡೆ ಮಾಡುವುದು ಅಸಿಟೈಲ್‌ಕೋಲಿನ್ ಎಂಬುದು ಮುಂದೆ ತಿಳಿಯಿತು. ಲೋವಿ ಮತ್ತು ಹೆನ್ರಿ ಡೇಲ್ 1936ರ ನೊಬೆಲ್ ಹಂಚಿಕೊಂಡರು. ಎರಡೇ ವರ್ಷದಲ್ಲಿ ನಾಜಿಗಳು ಯಹೂದಿಯಾದ ಲೋವಿಯನ್ನು ಸೆರೆಗೆ ತಳ್ಳಿ, ಆ ಬಹುಮಾನದ ಹಣವನ್ನು ಕಿತ್ತುಕೊಂಡ ಮೇಲೆಯೇ ದೇಶ ಬಿಡಲು ಬಿಟ್ಟರು.

ಎರಡು ನರಗಳ ವೇಗದಲ್ಲಿರುವ ವ್ಯತ್ಯಾಸಕ್ಕೂ ಕಾರಣ ಈ ರಸಾಯನವೇ. ಅಸಿಟೈಲ್‌ಕೋಲಿನ್ ಸೈನಸ್ ಗಂಟಿನ ಕೋಶಗಳಲ್ಲಿ ಪೊಟ್ಯಾಸಿಯಂ ಹೊರಹರಿಯುವ ಬಾಗಿಲುಗಳನ್ನು ಬಹುಬೇಗ ತೆರೆಸುತ್ತದೆ, ಅಷ್ಟೇ ಬೇಗ ಒಡೆದೂ ಹೋಗುತ್ತದೆ. ಹಾಗಾಗಿ ವೇಗಸ್ ಮಾತು ಮುಂದಿನ ಬಡಿತಕ್ಕೇ ತಲುಪಬಲ್ಲದು. ಸಿಂಪಥೆಟಿಕ್ ನರ ಬಿಡುವ ನಾರ್‌ಅಡ್ರಿನಲಿನ್ ಕೋಶದೊಳಗೆ ಹಲವು ಹಂತಗಳನ್ನು ದಾಟಬೇಕು; ಅದರ ಪರಿಣಾಮ ತೋರಲು ಕೆಲವು ಸೆಕೆಂಡು, ಮಾಯಲು ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಚ್ಚಿಬಿದ್ದ ಕಾರಣ ತೀರಿದ ಮೇಲೂ ಎದೆ ಡವಗುಟ್ಟುತ್ತಿರುವುದಕ್ಕೆ ಇದೂ ಒಂದು ಕಾರಣ.

ಕುತ್ತಿಗೆಯನ್ನು ಒತ್ತಿದರೆ ನಾಡಿ ಇಳಿಯುತ್ತದೆ ಎಂಬುದು ಹಳೆಯ ತಿಳಿವಳಿಕೆ. ಬಾತ್ ನಗರದ ವೈದ್ಯ ಕೇಲಬ್ ಪ್ಯಾರಿ 1799ರಲ್ಲೇ ಇದನ್ನು ಬರೆದಿದ್ದರು. 1866ರ ಸುಮಾರಿಗೆ ಯೋಹಾನ್ ಚೆರ್ಮಾಕ್ ತಮ್ಮ ಕುತ್ತಿಗೆಯನ್ನೇ ಒತ್ತಿ ನೋಡಿ, ಬೆರಳು ವೇಗಸ್ ನರವನ್ನು ಅದುಮುವುದರಿಂದ ಹೀಗಾಗುತ್ತದೆ ಎಂದರು. ವಿವರಣೆ ಸಹಜವಾಗಿತ್ತು, ವೇಗಸ್ ಹೃದಯವನ್ನು ತಡೆಯುವುದು ಆಗಲೇ ಸಾಬೀತಾಗಿತ್ತು, ಒತ್ತುವ ಜಾಗದಲ್ಲಿ ಆ ನರ ಇದ್ದೇ ಇತ್ತು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ವೈದ್ಯರು ಇದನ್ನು ವೇಗಸ್ ಒತ್ತುವ ಪರೀಕ್ಷೆ ಎಂದೇ ಕರೆದರು. 1923–24ರಲ್ಲಿ ಕೊಲೋನ್‌ನ ಹೈನ್‌ರಿಕ್ ಎವಾಲ್ಡ್ ಹೆರಿಂಗ್ ನಾಯಿಗಳಲ್ಲಿ ಒಂದೊಂದೇ ಅಂಗಾಂಶವನ್ನು ಬಿಡಿಸಿ ಪರೀಕ್ಷಿಸಿದರು. ಬಿಡಿಸಿಟ್ಟ ವೇಗಸ್ ನರವನ್ನು ಅಷ್ಟೇ ಬಲದಿಂದ ಅದುಮಿದರೆ ಬಡಿತ ಇಳಿಯಲಿಲ್ಲ. ಕ್ಯಾರೋಟಿಡ್ ಅಪಧಮನಿ ಎರಡಾಗಿ ಕವಲೊಡೆಯುವಲ್ಲಿ ತುಸು ಉಬ್ಬಿದ ಭಾಗವೊಂದಿದೆ, ಕ್ಯಾರೋಟಿಡ್ ಸೈನಸ್. ಅದನ್ನು ಒತ್ತಿದಾಗ ಇಳಿಯಿತು. ಅಲ್ಲಿಂದ ಹೊರಡುವ ಸಣ್ಣ ನರವನ್ನು, ಅಂದರೆ ನಾಲಗೆ-ಗಂಟಲುಗಳ ನರದ ಕವಲನ್ನು ಕತ್ತರಿಸಿದ ಮೇಲೆ ಎಷ್ಟು ಒತ್ತಿದರೂ ಇಳಿಯಲಿಲ್ಲ. ಬೆರಳು ಮುಟ್ಟುತ್ತಿದ್ದದ್ದು ಆಜ್ಞೆಯ ದಾರಿಯನ್ನಲ್ಲ, ಸುದ್ದಿ ಹೊರಡುವ ಜಾಗವನ್ನು. ಹೆರಿಂಗ್ ಈ ನರಗಳನ್ನು ರಕ್ತದೊತ್ತಡದ ಲಗಾಮುಗಳೆಂದು ಕರೆದರು.

ಬೆಲ್ಜಿಯಂನ ಘೆಂಟ್‌ನಲ್ಲಿ ಕಾರ್ನೀಲ್ ಹೇಮನ್ಸ್ ತಮ್ಮ ತಂದೆ ಜಾನ್-ಫ್ರಾನ್ಸ್ವಾ ಹೇಮನ್ಸ್ ಜೊತೆ ಈ ಕೆಲಸವನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಒಂದು ನಾಯಿಯ ತಲೆಗೆ ಇನ್ನೊಂದು ನಾಯಿಯ ರಕ್ತ ಹರಿಯುವಂತೆ ನಾಳಗಳನ್ನು ಜೋಡಿಸಿ, ಆ ತಲೆಗೂ ಅದರ ಮುಂಡಕ್ಕೂ ವೇಗಸ್ ನರಗಳ ನಂಟು ಮಾತ್ರ ಉಳಿಸಿದರು. ಹೀಗೆ ಮಾಡಿದಾಗ ರಕ್ತದ ಮೂಲಕ ತಲುಪುವ ಪ್ರಭಾವವನ್ನೂ ನರದ ಮೂಲಕ ತಲುಪುವ ಪ್ರಭಾವವನ್ನೂ ಮೊದಲ ಬಾರಿಗೆ ಬೇರೆ ಬೇರೆಯಾಗಿ ನೋಡಲಾಯಿತು. ಸೈನಸ್‌ನ ಪಕ್ಕದಲ್ಲೇ ಇರುವ, ಅಕ್ಕಿಕಾಳಿನಷ್ಟು ಗಾತ್ರದ ಕ್ಯಾರೋಟಿಡ್ ಗಂಟು ರಕ್ತದಲ್ಲಿನ ಆಮ್ಲಜನಕದ ಕೊರತೆಯನ್ನು ಅರಿತು ಉಸಿರಾಟವನ್ನು ಏರಿಸುತ್ತದೆಂದೂ ಅವರ ಬಳಗ ತೋರಿಸಿತು. 1938ರ ನೊಬೆಲ್ ಹೇಮನ್ಸ್‌ಗೆ ಬಂತು. ಯುದ್ಧದ ಕಾರಣ ಅದು ಕೈಸೇರಿದ್ದು 1940ರ ಜನವರಿಯಲ್ಲಿ, ಘೆಂಟ್‌ನಲ್ಲೇ. ಆ ಗಂಟಿನ ನರತುದಿಗಳನ್ನು 1926–28ರಲ್ಲಿ ಸೂಕ್ಷ್ಮದರ್ಶಕದಿಂದ ಬಿಡಿಸಿ, ಅದು ರಕ್ತದ ರುಚಿ ನೋಡುವ ಅಂಗವಿರಬೇಕೆಂದು ಮೊದಲು ಸೂಚಿಸಿದವರು ಮ್ಯಾಡ್ರಿಡ್‌ನ ಫೆರ್ನಾಂಡೊ ಡಿ ಕಾಸ್ಟ್ರೊ. ಬಹುಮಾನದಲ್ಲಿ ಅವರಿಗೂ ಪಾಲು ಸಿಗಬೇಕಿತ್ತು.

1932ರಲ್ಲಿ ಬ್ರಾಂಕ್ ಮತ್ತು ಸ್ಟೆಲ್ಲಾ ಮೊಲದ ಕ್ಯಾರೋಟಿಡ್ ಸೈನಸ್ ನರದ ಒಂದೊಂದು ಎಳೆಯಿಂದಲೂ ವಿದ್ಯುತ್ ತುಡಿತಗಳನ್ನು ದಾಖಲಿಸಿದರು. ಪ್ರತಿ ಬಡಿತಕ್ಕೂ ನಾಳದ ಗೋಡೆ ಹಿಗ್ಗಿದಾಗ ತುಡಿತಗಳು ದಟ್ಟವಾಗುತ್ತಿದ್ದವು, ಕುಗ್ಗಿದಾಗ ವಿರಳವಾಗುತ್ತಿದ್ದವು. ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಗಳ ಸಿರೆಗಳಿಗೆ ಇಳಿಯುತ್ತದೆ. ಕುತ್ತಿಗೆಯಲ್ಲಿ ಒತ್ತಡ ತಗ್ಗುತ್ತದೆ, ಸೈನಸ್ ನರದ ತುಡಿತಗಳು ವಿರಳವಾಗುತ್ತವೆ, ಮೆಡುಲ್ಲಾ ವೇಗಸ್ ಹಿಡಿತವನ್ನು ಸಡಿಲಿಸಿ ಸಿಂಪಥೆಟಿಕ್ ನರಗಳನ್ನು ಚುರುಕುಗೊಳಿಸುತ್ತದೆ. ಬಡಿತ 10–20ರಷ್ಟು ಏರುತ್ತದೆ. ನಿಂತವರಿಗೆ ಇದಾವುದೂ ಗೊತ್ತಾಗುವುದಿಲ್ಲ. ಆದರೆ ಈ ಸುತ್ತು ದಿನವಿಡೀ ರಕ್ತದೊತ್ತಡ ಎಷ್ಟಿರಬೇಕೆಂದು ನಿಗದಿ ಮಾಡುವುದಿಲ್ಲ. ಕೌಲಿ, ಲಿಯಾರ್ಡ್ ಮತ್ತು ಗೈಟನ್ 1973ರಲ್ಲಿ ನಾಯಿಗಳ ಈ ನರಗಳನ್ನೆಲ್ಲ ಕತ್ತರಿಸಿ ಹಗಲು ರಾತ್ರಿ ಒತ್ತಡವನ್ನು ಅಳೆದಾಗ ಸರಾಸರಿ ಹೆಚ್ಚೇನೂ ಬದಲಾಗಿರಲಿಲ್ಲ. ಏರಿಳಿತ ಮಾತ್ರ ವಿಪರೀತವಾಗಿತ್ತು. ಈ ಪರಾವರ್ತಿತ ಕ್ರಿಯೆಯ ಕೆಲಸ ಕ್ಷಣಕ್ಷಣದ ತಿದ್ದುಪಡಿ.

ಇದೇ ವೇಗಸ್ ದಾರಿಯನ್ನು ಬಳಸುವ ಬೇರೆ ಸುತ್ತುಗಳೂ ಇವೆ. ಬೇನ್‌ಬ್ರಿಜ್ 1915ರಲ್ಲಿ ನಾಯಿಯ ಸಿರೆಗೆ ದ್ರವ ತುಂಬಿ ಹೃತ್ಕರ್ಣ ಹಿಗ್ಗಿದಾಗ ಬಡಿತ ಏರುವುದನ್ನು ತೋರಿಸಿದರು. ಕಣ್ಣುಗುಡ್ಡೆಯನ್ನು ಒತ್ತಿದರೆ ಬಡಿತ ಇಳಿಯುವುದನ್ನು 1908ರಲ್ಲಿ ಆಶ್ನರ್ ಮತ್ತು ಡಗ್ನೀನಿ ಬೇರೆಬೇರೆಯಾಗಿ ವರದಿ ಮಾಡಿದರು; ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ವೈದ್ಯರು ಇಂದಿಗೂ ಇದರ ಮೇಲೆ ಕಣ್ಣಿಟ್ಟಿರುತ್ತಾರೆ. ನೀರಿನಲ್ಲಿ ಮುಳುಗಿದ ಬಾತುಕೋಳಿಯ ಹೃದಯ ಬಹಳ ನಿಧಾನವಾಗುವುದನ್ನು ಪಾಲ್ ಬ್ಯೆರ್ 1870ರಲ್ಲಿ ದಾಖಲಿಸಿದರು. ಮನುಷ್ಯರಲ್ಲೂ ಉಸಿರು ಹಿಡಿದು ಮುಖವನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ಬಡಿತ ಇಳಿಯುತ್ತದೆ. ದುಡಿಮೆಯ ಹೊತ್ತಿನಲ್ಲಿ ದಿಕ್ಕು ಬೇರೆ. ವ್ಯಾಯಾಮ ಆರಂಭಿಸಿದ ಕೂಡಲೇ ಬಡಿತ ಜಿಗಿಯುವುದನ್ನು ಕ್ರೋಗ್ ಮತ್ತು ಲಿಂಡ್‌ಹಾರ್ಡ್ 1913ರಲ್ಲಿ ತೋರಿಸಿದರು. ಮಿದುಳು ಸ್ನಾಯುವಿಗೆ ಆಜ್ಞೆ ಕೊಡುವಾಗಲೇ ಹೃದಯಕ್ಕೂ ತಿಳಿಸುತ್ತದೆ. ದುಡಿಯುವ ಕಾಲಿನ ಸ್ನಾಯುಗಳಿಂದಲೂ ಬಡಿತ ಏರಿಸುವ ಸುದ್ದಿ ಹೋಗುತ್ತದೆಂದು ಅಲಾಮ್ ಮತ್ತು ಸ್ಮರ್ಕ್ 1938ರಲ್ಲಿ ವರದಿ ಮಾಡಿದರು.

ಕೆಲವೊಮ್ಮೆ ಈ ಸುತ್ತು ಮಿತಿಮೀರುತ್ತದೆ. ರಕ್ತ ಕಂಡು ಅಥವಾ ಬಹಳ ಹೊತ್ತು ನಿಂತು ತಲೆತಿರುಗಿ ಬೀಳುವವರಲ್ಲಿ ನಾಡಿ ಇಳಿಯುತ್ತದೆ, ನಾಳಗಳೂ ಸಡಿಲಾಗುತ್ತವೆ. ಥಾಮಸ್ ಲೂಯಿಸ್ 1932ರಲ್ಲಿ ಅಟ್ರೋಪಿನ್ ಕೊಟ್ಟು ವೇಗಸ್ ಪ್ರಭಾವವನ್ನು ತೆಗೆದಾಗ ನಾಡಿ ಏರಿತು, ಒತ್ತಡ ಏರಲಿಲ್ಲ. ಇಂಥ ಬವಳಿಗೆ ಹೃದಯ ಒಂದೇ ಕಾರಣವಲ್ಲ ಎಂಬುದು ಆಗ ತಿಳಿಯಿತು. ಬಿದ್ದವರನ್ನು ಎತ್ತಿ ಕೂರಿಸದೆ, ಮಲಗಿಸಿ ಕಾಲು ಎತ್ತಿ ಹಿಡಿಯಬೇಕೆನ್ನುವುದು ಇದಕ್ಕೇ.

ಮಧುಮೇಹ ಹಳೆಯದಾದಾಗ ಈ ನರಗಳೂ ಸವೆಯುತ್ತವೆ. ಎಡಿನ್‌ಬರೊದ ಡೇವಿಡ್ ಈವಿಂಗ್ ಮತ್ತು ಜೊತೆಗಾರರು 1970–80ರ ದಶಕಗಳಲ್ಲಿ ಇದಕ್ಕಾಗಿ ಸೂಜಿ ಚುಚ್ಚದ ಪರೀಕ್ಷೆಗಳನ್ನು ರೂಪಿಸಿದರು. ರೋಗಿ ನಿಮಿಷಕ್ಕೆ ಆರು ಸಲ ಆಳವಾಗಿ ಉಸಿರಾಡಬೇಕು; ಉಸಿರೆಳೆದಾಗಿನ ಮತ್ತು ಬಿಟ್ಟಾಗಿನ ಬಡಿತಗಳ ವ್ಯತ್ಯಾಸ 15 ಅಥವಾ ಹೆಚ್ಚಿದ್ದರೆ ಸರಿ, 10ಕ್ಕೆ ಇಳಿದರೆ ವೇಗಸ್ ಸೊರಗಿದೆ. ಲುಡ್ವಿಗ್ ಮಸಿಯ ಮೇಲೆ ಕಂಡಿದ್ದ ಏರಿಳಿತವೇ ಹೀಗೆ ರೋಗ ಗುರುತಿಸುವ ಅಳತೆಯಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಇಂಥ ಪರೀಕ್ಷೆಗಳಿಗಾಗಿಯೇ ಪ್ರಯೋಗಾಲಯವಿದೆ. ಇದ್ದಕ್ಕಿದ್ದಂತೆ ಹೃದಯ ಓಡತೊಡಗುವ ಒಂದು ಬಗೆಯ ತೊಂದರೆಗೆ ಕಟ್ಟಿದ ಉಸಿರನ್ನು ಮುಕ್ಕರಿಯುವ ಹಳೆಯ ಉಪಾಯವಿದೆ. ಮುಕ್ಕರಿದ ಕೂಡಲೇ ರೋಗಿಯನ್ನು ಮಲಗಿಸಿ ಕಾಲೆತ್ತಿದರೆ 43 ಪ್ರತಿಶತ ಮಂದಿಯಲ್ಲಿ ಬಡಿತ ಸರಿಹೋಗುತ್ತದೆ, ಹಾಗೆ ಮಾಡದಿದ್ದರೆ 17 ಪ್ರತಿಶತ ಮಂದಿಯಲ್ಲಿ ಮಾತ್ರ ಎಂದು ಬ್ರಿಟನ್ನಿನಲ್ಲಿ 428 ಜನರ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ತೋರಿಸಿತು.

ಹೃದಯವನ್ನು ಇಚ್ಛೆಯಿಂದ ನಿಲ್ಲಿಸಬಹುದೇ ಎಂಬ ಪ್ರಶ್ನೆಯನ್ನು ಭಾರತದಲ್ಲೇ ಪರೀಕ್ಷಿಸಲಾಯಿತು. ಫ್ರೆಂಚ್ ಹೃದಯತಜ್ಞೆ ತೆರೇಸ್ ಬ್ರೋಸ್ 1935ರಲ್ಲಿ ಇಸಿಜಿ ಯಂತ್ರದೊಂದಿಗೆ ಬಂದು ಯೋಗಿಗಳನ್ನು ಪರೀಕ್ಷಿಸಿದ್ದರು. ವೆಂಗರ್, ಬಾಗ್ಚಿ ಮತ್ತು ದೆಹಲಿಯ ಬಿ. ಕೆ. ಆನಂದ್ 1961ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಬಿಗಿಯಾದದ್ದು. ಉಸಿರು ಕಟ್ಟಿ ಎದೆ, ಹೊಟ್ಟೆ ಬಿಗಿದಾಗ ಮಣಿಕಟ್ಟಿನ ನಾಡಿ ಬೆರಳಿಗೆ ಸಿಗುತ್ತಿರಲಿಲ್ಲ, ಹೃದಯದ ಸದ್ದು ಸ್ನಾಯುಗಳ ಸದ್ದಿನಲ್ಲಿ ಮುಳುಗುತ್ತಿತ್ತು. ಇಸಿಜಿಯಲ್ಲಿ ಹೃದಯ ಬಡಿಯುತ್ತಲೇ ಇತ್ತು. ಯಾರ ಹೃದಯವೂ ನಿಲ್ಲಲಿಲ್ಲ. ಅವರಲ್ಲೊಬ್ಬರು ಬಡಿತವನ್ನು ನಿಜವಾಗಿ ತಗ್ಗಿಸಿದರು. ಇಚ್ಛೆಗೆ ಮಣಿಯುವುದು ಉಸಿರು ಮತ್ತು ಸ್ನಾಯು. ಅವುಗಳ ಮೂಲಕ ಪರಾವರ್ತಿತ ಕ್ರಿಯೆಯನ್ನು ಎಬ್ಬಿಸಬಹುದು.

1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಕಸಿ ಮಾಡಿದ ಮೇಲೆ, ನರಗಳೇ ಇಲ್ಲದ ಹೃದಯ ಹೇಗೆ ಬದುಕುತ್ತದೆಂದು ಕಣ್ಣಾರೆ ನೋಡುವಂತಾಯಿತು. ಅಂಥ ಹೃದಯ ವಿಶ್ರಾಂತಿಯಲ್ಲೂ ನಿಮಿಷಕ್ಕೆ 90–110 ಬಾರಿ ಬಡಿಯುತ್ತದೆ. ಅಟ್ರೋಪಿನ್ ಕೊಟ್ಟರೆ ಏರುವುದಿಲ್ಲ, ಕುತ್ತಿಗೆ ಒತ್ತಿದರೆ ಇಳಿಯುವುದಿಲ್ಲ. ಮೆಟ್ಟಿಲು ಹತ್ತಿದಾಗ ಬಡಿತ ಕೂಡಲೇ ಜಿಗಿಯದೆ, ರಕ್ತದಲ್ಲಿ ಅಡ್ರಿನಲಿನ್ ಏರಿದಂತೆ ಮೆಲ್ಲಗೆ ಏರುತ್ತದೆ. ಕೆಲವರಲ್ಲಿ ವರ್ಷಗಳ ನಂತರ ನರಗಳು ಭಾಗಶಃ ಬೆಳೆದು ಸೇರುತ್ತವೆ.

ರಕ್ತನಾಳದ ಗೋಡೆ ಹಿಗ್ಗಿದ್ದು ನರದ ತುದಿಗೆ ಹೇಗೆ ತಿಳಿಯುತ್ತದೆ ಎಂಬುದು ಸಿಯೋನ್ ಕಾಲದಿಂದ ಉಳಿದುಬಂದಿದ್ದ ಪ್ರಶ್ನೆ. ಆರ್ಡೆಮ್ ಪಟಪೂಟಿಯನ್ ಅವರ ಬಳಗ 2010ರಲ್ಲಿ ಪೀಝೋ1, ಪೀಝೋ2 ಎಂಬ ಪ್ರೋಟೀನ್‌ಗಳನ್ನು ಗುರುತಿಸಿತ್ತು; ಕೋಶದ ಪೊರೆ ಎಳೆದುಕೊಂಡಾಗ ತೆರೆದುಕೊಳ್ಳುವ ಬಾಗಿಲುಗಳು ಅವು. 2021ರ ನೊಬೆಲ್‌ಗೆ ಕಾರಣವಾದ ಕೆಲಸಗಳಲ್ಲಿ ಇದೊಂದು. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕುತ್ತಿಗೆ ಮತ್ತು ಮಹಾಪಧಮನಿಯಿಂದ ಸುದ್ದಿ ತರುವ ನರಗಳಲ್ಲಿ ಈ ಎರಡೂ ಪ್ರೋಟೀನ್‌ಗಳಿಲ್ಲದ ಇಲಿಗಳನ್ನು ಬೆಳೆಸಲಾಯಿತು. ಔಷಧಿ ಕೊಟ್ಟು ಒತ್ತಡ ಏರಿಸಿದಾಗ ಅವುಗಳ ಬಡಿತ ಇಳಿಯಲಿಲ್ಲ, ಮತ್ತು ಅವುಗಳ ರಕ್ತದೊತ್ತಡ ನರ ಕತ್ತರಿಸಿದ ಪ್ರಾಣಿಗಳಲ್ಲಿ ಕಂಡಿದ್ದ ಹಾಗೆಯೇ ಹದತಪ್ಪಿ ಏರಿಳಿಯಿತು.